ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ಕಾರು: ಕೊಳ್ಳುವ ಮುನ್ನ ಗೇರ್‌ಬಾಕ್ಸ್ ದೋಷ ಹಿಡಿಯುವ ಬಗೆ

ಆಟೋಮ್ಯಾಟಿಕ್ ಗಾಡಿ ನೋಡಲು ಹೊರಡುವ ಮುಂಚೆ ಮಾರುವವರಿಗೆ ಫೋನಿನಲ್ಲೇ ಒಂದು ಮಾತು ಹೇಳಿಬಿಡಿ: ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ. ಗೇರ್‌ಬಾಕ್ಸಿನ ದೋಷ ತಾನಾಗಿ ಹೊರಬೀಳುವುದು ಎರಡು ಹೊತ್ತಿನಲ್ಲಿ. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯ ಮೊದಲ ಒಂದೆರಡು ನಿಮಿಷ ಒಂದು. ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ತೆವಳಿ ಚೆನ್ನಾಗಿ ಕಾದ ಮೇಲಿನ ಹೊತ್ತು ಇನ್ನೊಂದು. ಇವೆರಡರ ನಡುವೆ ಸವೆದ ಗೇರ್‌ಬಾಕ್ಸೂ ಮರ್ಯಾದೆಯಿಂದಲೇ ನಡೆದುಕೊಳ್ಳುತ್ತದೆ. ಮೊದಲೇ ಬಿಸಿ ಮಾಡಿಟ್ಟ ಗಾಡಿಯನ್ನು ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ತೋರಿಸುವ ಟೆಸ್ಟ್ ಡ್ರೈವ್ ಸರಿಯಾಗಿ ಈ ನಡುವಿನ ಹೊತ್ತಿಗೇ ಬೀಳುತ್ತದೆ. ಅದರಿಂದ ಸೀಟು, ಎಸಿ, ಸ್ಟೀರಿಯೋ ಹೇಗಿವೆ ಎಂದು ಗೊತ್ತಾಗಬಹುದು, ಗೇರ್‌ಬಾಕ್ಸ್ ಹೇಗಿದೆ ಎಂದು ಗೊತ್ತಾಗದು.

ಯಾವ ಬಗೆಯ ಗೇರ್‌ಬಾಕ್ಸ್?

ಜಾಹೀರಾತಿನಲ್ಲಿ ‘ಆಟೋಮ್ಯಾಟಿಕ್’ ಎಂದಷ್ಟೇ ಇರುತ್ತದೆ. ಒಳಗಿರುವುದು ನಾಲ್ಕು ಬಗೆಯ ಯಂತ್ರಗಳಲ್ಲಿ ಯಾವುದೋ ಒಂದು. ಒಂದರಲ್ಲಿ ರೋಗದ ಲಕ್ಷಣ ಎನಿಸುವುದು ಇನ್ನೊಂದರಲ್ಲಿ ಹುಟ್ಟುಗುಣ.

ಎಎಂಟಿ ಎಂದರೆ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಆಕ್ಚುಯೇಟರ್ ಮಾಡುತ್ತದೆ, ಅಷ್ಟೇ. ಭಾರತಕ್ಕೆ ಇದು 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂತು. ಮಾರುತಿಯಲ್ಲಿ ಎಜಿಎಸ್ ಎಂಬ ಹೆಸರು. ಟಾಟಾ ಟಿಯಾಗೊ, ರೆನೋ ಕ್ವಿಡ್, ಹುಂಡೈ ನಿಯೋಸ್‌ಗಳಲ್ಲೂ ಇದೇ ಬಗೆ. ಲಿವರಿನಲ್ಲಿ ‘ಪಿ’ (ಪಾರ್ಕಿಂಗ್) ಇಲ್ಲದಿದ್ದರೆ ಅದು ಎಎಂಟಿ ಎಂದುಕೊಳ್ಳಬಹುದು.

ಟಾರ್ಕ್ ಕನ್ವರ್ಟರ್ ಎಂದರೆ ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಹಳೆಯ, ಗಟ್ಟಿ ಪದ್ಧತಿ: ಇನ್ನೋವಾ ಕ್ರಿಸ್ಟಾ, ಕ್ರೆಟಾ ಡೀಸೆಲ್, ಎಕ್ಸ್‌ಯುವಿ500, ಎರ್ಟಿಗಾ, ಸಿಯಾಜ್. ಸಿವಿಟಿಯಲ್ಲಿ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಇರುತ್ತದೆ. ಹೋಂಡಾದ ಜಾಝ್, ಟೊಯೋಟಾ ಯಾರಿಸ್, ಹುಂಡೈ ಮತ್ತು ಕಿಯಾಗಳ ಐವಿಟಿ ಈ ಬಗೆಯವು. ಡಿಸಿಟಿಯಲ್ಲಿ ಎರಡು ಕ್ಲಚ್. ಅವು ಆಯಿಲಿನಲ್ಲಿ ಮುಳುಗಿದ್ದರೆ ಒದ್ದೆ ಕ್ಲಚ್, ಇಲ್ಲದಿದ್ದರೆ ಒಣ ಕ್ಲಚ್. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಅದೇ ಡಿಎಸ್‌ಜಿ. ವೆನ್ಯೂ ಮತ್ತು ಸೆಲ್ಟೋಸ್‌ಗಳ ಟರ್ಬೊ ಪೆಟ್ರೋಲ್ ಗಾಡಿಗಳಲ್ಲೂ ಇದಿದೆ.

ಮಾಡೆಲ್ ಹೆಸರು ನಂಬಿ ತೀರ್ಮಾನಿಸಬೇಡಿ, ತಯಾರಾದ ವರ್ಷ ನೋಡಿ. ಬಲೆನೋದಲ್ಲಿ 2022ರ ತನಕ ಸಿವಿಟಿ, ಆಮೇಲೆ ಎಎಂಟಿ. ಇಕೋಸ್ಪೋರ್ಟ್ ಪೆಟ್ರೋಲ್‌ನಲ್ಲಿ 2017ರ ಫೇಸ್‌ಲಿಫ್ಟ್ ತನಕ ಡಿಸಿಟಿ, ಆಮೇಲೆ ಟಾರ್ಕ್ ಕನ್ವರ್ಟರ್. ಹೋಂಡಾ ಸಿಟಿಯದು ಇನ್ನೂ ತಮಾಷೆ: 2008ಕ್ಕೆ ಮುಂಚಿನ ಝಡ್‌ಎಕ್ಸ್ ಸಿವಿಟಿ, ಅದರ ನಂತರದ್ದು ಐದು ಗೇರಿನ ಟಾರ್ಕ್ ಕನ್ವರ್ಟರ್, 2014ರಿಂದ ಮತ್ತೆ ಸಿವಿಟಿ. ಸ್ಕೋಡಾ ರ‍್ಯಾಪಿಡ್‌ನಲ್ಲಿ ಡೀಸೆಲ್‌ಗೆ ಡಿಎಸ್‌ಜಿ, 1.6 ಪೆಟ್ರೋಲ್‌ಗೆ ಟಾರ್ಕ್ ಕನ್ವರ್ಟರ್. ಇದು ಗೊತ್ತಿಲ್ಲದೆ ಹೋದರೆ ಮುಂದಿನ ಪರೀಕ್ಷೆಗಳ ಅರ್ಥವೇ ತಲೆಕೆಳಗಾಗುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ

ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ ಹೊರಡಿ. ತಣ್ಣಗಿದ್ದರೆ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಬಗ್ಗಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ತಳ, ಎರಡೂ ಆಕ್ಸಲ್‌ಗಳು ಗೇರ್‌ಬಾಕ್ಸಿಗೆ ಹೊಗುವ ಜಾಗ, ಆಯಿಲ್ ಕೂಲರಿನ ಹೋಸ್‌ಗಳು, ತಳದ ಪ್ಯಾನ್: ಈ ನಾಲ್ಕು ಕಡೆ ಆಯಿಲ್ ಜಿನುಗಿದೆಯೇ ನೋಡಬೇಕು. ಕೂಡುವ ಜಾಗದಲ್ಲಿ ಕಪ್ಪು ಆಯಿಲ್ ಇದ್ದರೆ ಬಹುಶಃ ಎಂಜಿನ್ನಿನ ಹಿಂದಿನ ಸೀಲ್. ಕೆಂಪಗಿದ್ದರೆ ಕನ್ವರ್ಟರ್ ಸೀಲ್. ಯಾವುದೇ ಆದರೂ ಗೇರ್‌ಬಾಕ್ಸ್ ಇಳಿಸಿಯೇ ಸರಿಪಡಿಸಬೇಕು. ಸೀಲ್ ಅಗ್ಗ, ಕೂಲಿ ದುಬಾರಿ. ಒಣ ಕ್ಲಚ್ಚಿನ ಡಿಸಿಟಿ ಅಥವಾ ಎಎಂಟಿಯಲ್ಲಿ ಇದೇ ಆಯಿಲ್ ಕ್ಲಚ್ ಪ್ಲೇಟಿಗೂ ಹತ್ತಿ ಅದನ್ನು ಹಾಳು ಮಾಡುತ್ತದೆ.

ಇಡೀ ಎಂಜಿನ್ ಕೊಠಡಿ ಧೂಳಿದ್ದು ಗೇರ್‌ಬಾಕ್ಸ್ ಮಾತ್ರ ಫಳಫಳ ಹೊಳೆಯುತ್ತಿದ್ದರೆ, ಪ್ಯಾನ್ ಸುತ್ತ ಹೊಸ ಸೀಲಂಟ್ ಕಂಡರೆ, ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರ್ ಗುರುತಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದು ತಪ್ಪಲ್ಲ. ಬಿಲ್ ಕೇಳಿ.

ಬ್ಯಾಟರಿಯನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ನಿಂತ ಗಾಡಿಯಲ್ಲಿ 12.4ರಿಂದ 12.7 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ 14ರ ಆಸುಪಾಸು. ವೋಲ್ಟೇಜ್ ಇಳಿದಾಗ ಗೇರ್‌ಬಾಕ್ಸಿನ ಕಂಪ್ಯೂಟರ್ ಸುಳ್ಳು ದೋಷಗಳನ್ನು ಬರೆದುಕೊಳ್ಳುತ್ತದೆ, ಎಎಂಟಿ ಆಕ್ಚುಯೇಟರಿನ ಪಂಪು ಸೋಲುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ ಮುಂದೆ ಕಾಣುವ ಯಾವ ಲಕ್ಷಣವನ್ನೂ ಅರ್ಧ ಅನುಮಾನದಿಂದಲೇ ನೋಡಬೇಕು.

ಇಗ್ನಿಷನ್ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಎಂಜಿನ್ ದೀಪ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ಮೀಟರಿಗೆ ಯಾರೋ ಕೈ ಹಾಕಿರಬಹುದು.

ತಣ್ಣನೆಯ ಪರೀಕ್ಷೆ

ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಡಿ, ಐಡಲ್ (ನಿಂತಲ್ಲೇ ಓಡುವ ಎಂಜಿನ್ನಿನ ವೇಗ) ಇಳಿಯಲಿ. ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಎನ್‌ನಿಂದ (ನ್ಯೂಟ್ರಲ್) ಡಿಗೆ (ಡ್ರೈವ್) ಹಾಕಿ; ಐದು ಸೆಕೆಂಡು ಬಿಟ್ಟು ಎನ್‌ಗೆ ತಂದು ಆರ್‌ಗೆ (ರಿವರ್ಸ್) ಹಾಕಿ. ಪಕ್ಕದವರು ಲಿವರ್ ಮತ್ತು ಆರ್‌ಪಿಎಂ ಮುಳ್ಳು ಎರಡೂ ಕಾಣುವಂತೆ ಫೋನಿನಲ್ಲಿ ವಿಡಿಯೊ ಮಾಡಿಕೊಂಡರೆ ಆಮೇಲೆ ಸೆಕೆಂಡು ಲೆಕ್ಕ ಹಾಕಬಹುದು.

ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿಯಲ್ಲಿ ಸುಮಾರು ಒಂದು ಸೆಕೆಂಡಿನೊಳಗೆ ಗೇರ್ ಕಚ್ಚಿಕೊಂಡು ಮುಳ್ಳು ಸ್ವಲ್ಪ ಇಳಿಯಬೇಕು. ಎರಡು ಸೆಕೆಂಡು ಮೀರಿ ಆಮೇಲೆ ‘ಧಡ್’ ಎಂದರೆ ಒಳಗೆ ಒತ್ತಡ ತಡವಾಗಿ ಏರುತ್ತಿದೆ. ಆಯಿಲ್ ಕಡಿಮೆ ಇರಬಹುದು, ಗಟ್ಟಿಯಾದ ರಬ್ಬರ್ ಸೀಲ್ ಇರಬಹುದು, ರಾತ್ರಿ ಕನ್ವರ್ಟರಿನ ಆಯಿಲ್ ಕೆಳಗಿಳಿದು ಖಾಲಿಯಾಗುತ್ತಿರಬಹುದು. ಡಿಯಲ್ಲಿ ಸರಿಯಿದ್ದು ಆರ್‌ನಲ್ಲಿ ಮಾತ್ರ ತಡವಾದರೆ ದೋಷ ರಿವರ್ಸಿನ ಕ್ಲಚ್ ಅಥವಾ ಅದರ ಸೀಲಿನಲ್ಲಿದೆ. ತಡವೇನೂ ಇಲ್ಲದೆ ಬರಿಯ ‘ಟಕ್’ ಎಂದರೆ ಗೇರ್‌ಬಾಕ್ಸನ್ನು ದೂರುವ ಮುಂಚೆ ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಮೌಂಟ್ ನೋಡಿ: ಬಾನೆಟ್ ತೆಗೆದು ಒಬ್ಬರು ಪಕ್ಕಕ್ಕೆ ನಿಂತು ನೋಡುತ್ತಿರಲಿ, ನೀವು ಬ್ರೇಕ್ ಬಿಡದೆ ಡಿ, ಆರ್ ಬದಲಾಯಿಸಿ. ಎಂಜಿನ್ ಎರಡು-ಮೂರು ಸೆಂಟಿಮೀಟರ್ ಎಗರಿದರೆ ಮೌಂಟ್ ಹೋಗಿದೆ. ಅದು ಚಿಕ್ಕ ಖರ್ಚು. ಚೌಕಾಸಿಗೆ ಒಳ್ಳೆಯ ಕಾರಣ.

ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ಪೂರ್ತಿ ತುಳಿಯುವ ‘ಸ್ಟಾಲ್ ಟೆಸ್ಟ್’ ಮಾಡಿ ನೋಡಿ ಎಂದು ಯಾರಾದರೂ ಹೇಳಬಹುದು. ಬೇಡ. ಟಾರ್ಕ್ ಕನ್ವರ್ಟರಿನಲ್ಲೇ ಐದು ಸೆಕೆಂಡು ಮೀರಿದರೆ ಆಯಿಲ್ ಸುಡುತ್ತದೆ. ಸಿವಿಟಿ, ಡಿಸಿಟಿಯಲ್ಲಿ ಪರೀಕ್ಷೆಯೇ ಹೊಸ ದೋಷ ತರುತ್ತದೆ. ಅದೂ ಬೇರೆಯವರ ಗಾಡಿ.

ಆಯಿಲ್ ಹೇಳುವುದು

ಹಳೆಯ ಮಾರುತಿ, ಹೋಂಡಾ ಆಟೋಮ್ಯಾಟಿಕ್‌ಗಳಲ್ಲಿ ಗೇರ್‌ಬಾಕ್ಸಿಗೂ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಇದೆ. ನೋಡುವ ಕ್ರಮ ಒಂದೇ ಅಲ್ಲ. ಹೆಚ್ಚಿನವುಗಳಲ್ಲಿ ಗಾಡಿ ಬಿಸಿಯಾದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಎಳೆದು ನೋಡಬೇಕು. ಹೋಂಡಾದ ಹಳೆಯ ಐದು ಗೇರಿನದರಲ್ಲಿ ಎಂಜಿನ್ ಆರಿಸಿ 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಕ್ರಮ ತಪ್ಪಿದರೆ ಅಳತೆ ಸುಳ್ಳು. ಹೊಸ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಇಲ್ಲ. ಲಿಫ್ಟ್ ಮೇಲೆ ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸಿ, ಆಯಿಲ್ ನಿಗದಿತ ಬಿಸಿಗೆ ಬಂದಾಗ ಲೆವೆಲ್ ಪ್ಲಗ್ ತೆಗೆದು ನೋಡುವ ಕ್ರಮ. ರ‍್ಯಾಪಿಡ್, ವೆಂಟೊಗಳ ಐಸಿನ್ ಕಂಪನಿಯ ಆರು ಗೇರಿನ ಬಾಕ್ಸಿಗೆ ಆ ಬಿಸಿ 35ರಿಂದ 45 ಡಿಗ್ರಿ ಸೆಲ್ಸಿಯಸ್. ಸ್ಕ್ಯಾನರ್ ಇಲ್ಲದೆ ಇದನ್ನು ಅಂದಾಜಿನಲ್ಲಿ ಮಾಡುವ ಗ್ಯಾರೇಜು ಎಷ್ಟೇ ಹೆಸರು ಮಾಡಿರಲಿ, ದೂರವಿರಿ.

ಬಿಳಿ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಡಿ. ಪಾರದರ್ಶಕ ಕೆಂಪು ಒಳ್ಳೆಯದು. 60 ಸಾವಿರ ಕಿ.ಮೀ. ಓಡಿದ ಗಾಡಿಯಲ್ಲಿ ಕಂದು ಬಣ್ಣ ಬರಿಯ ವಯಸ್ಸು. ಆಯಿಲ್ ಬದಲಾಯಿಸಿದರೆ ಆಯಿತು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಉರಿದಿವೆ. ಬೆರಳಲ್ಲಿ ಉಜ್ಜಿದಾಗ ಹೊಳೆಯುವ ಕಣ ಸಿಕ್ಕರೆ ಬೇರಿಂಗ್ ಅಥವಾ ಪಂಪು ತೇಯುತ್ತಿದೆ. ರೋಸ್ ಮಿಲ್ಕಿನ ಹಾಗೆ ಕಂಡರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲಂಟ್ ಬೆರೆತಿದೆ. ನೀರು ತಾಗಿದ ಕ್ಲಚ್ ಪ್ಲೇಟಿನ ಪದರ ಅಂಟು ಬಿಡುತ್ತದೆ. ಇನ್ನು ಬೇರೆ ಪರೀಕ್ಷೆಯೇ ಬೇಡ.

ಬಿಲ್ಲಿನಲ್ಲಿ ಲೀಟರ್ ಲೆಕ್ಕ ನೋಡುವುದು ಹಲವರಿಗೆ ಹೊಳೆಯುವುದಿಲ್ಲ. ಒಟ್ಟು ಏಳು ಲೀಟರಿನಷ್ಟು ಹಿಡಿಸುವ ಆರು ಗೇರಿನ ಬಾಕ್ಸಿನಲ್ಲಿ ಡ್ರೈನ್ ಪ್ಲಗ್ ತೆಗೆದರೆ ಇಳಿಯುವುದು ಮೂರೂವರೆ-ನಾಲ್ಕು ಲೀಟರ್. ಉಳಿದದ್ದು ಕನ್ವರ್ಟರಿನಲ್ಲೇ ನಿಲ್ಲುತ್ತದೆ. ಹಾಗಾಗಿ ನಾಲ್ಕು ಲೀಟರ್ ಬಿಲ್ ಇದ್ದರೆ ಕೆಲಸ ನಡೆದಿದೆ. ಒಂದು ಲೀಟರ್ ಮಾತ್ರ ಇದ್ದರೆ ಅದು ಟಾಪ್‌ಅಪ್. ಗೇರ್‌ಬಾಕ್ಸ್ ಎಂಜಿನ್ನಿನಂತೆ ಆಯಿಲ್ ಉರಿಸುವುದಿಲ್ಲ, ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಆಯಿಲ್ ಯಾವುದೆಂದೂ ಓದಿ. ಸಿವಿಟಿಗೆ ಸಾಮಾನ್ಯ ಎಟಿಎಫ್ (ಬೇರೆ ಆಟೋಮ್ಯಾಟಿಕ್‌ಗಳ ಆಯಿಲ್) ಹಾಕಿದ್ದರೆ ಬೆಲ್ಟಿಗೆ ಬೇಕಾದ ಹಿಡಿತ ಸಿಗುವುದಿಲ್ಲ. 2014ರಿಂದೀಚಿನ ಹೋಂಡಾ ಸಿವಿಟಿಗೆ ಎಚ್‌ಸಿಎಫ್-2 ಎಂದೇ ಬಿಲ್ಲಿನಲ್ಲಿ ಇರಬೇಕು.

‘ಇದು ಲೈಫ್‌ಟೈಮ್ ಆಯಿಲ್, ಬದಲಾಯಿಸೋದೇ ಬೇಡ ಸಾರ್’ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಅಥವಾ ಎಂಟು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುತ್ತದೆ. ಫೋಕ್ಸ್‌ವ್ಯಾಗನ್‌ನ ಆರು ಗೇರಿನ ಒದ್ದೆ ಕ್ಲಚ್ ಡಿಎಸ್‌ಜಿಗೆ 60 ಸಾವಿರಕ್ಕೊಮ್ಮೆ ಆಯಿಲ್ ಮತ್ತು ಫಿಲ್ಟರ್ ಕಡ್ಡಾಯ. ಆ ಬಿಲ್ ಇಲ್ಲದ ಆಕ್ಟೇವಿಯಾ ಡೀಸೆಲ್‌ಗೆ ಪೂರ್ತಿ ಬೆಲೆ ಕೊಡಬೇಡಿ.

ರಸ್ತೆಯಲ್ಲಿ: ಟಾರ್ಕ್ ಕನ್ವರ್ಟರ್

ಮೊದಲ ಹತ್ತು ನಿಮಿಷ ಕಾಲು ಹಗುರವಾಗಿಡಿ. ಒಂದರಿಂದ ಎರಡು, ಎರಡರಿಂದ ಮೂರು: ಪ್ರತಿ ಬದಲಾವಣೆಯಲ್ಲಿ ಮುಳ್ಳು ಒಮ್ಮೆ ಕೆಳಗಿಳಿದು ಮತ್ತೆ ಏರಬೇಕು. ಇಳಿಯುವ ಮುಂಚೆ ಇನ್ನೂರು-ಮುನ್ನೂರು ಆರ್‌ಪಿಎಂ ಮೇಲಕ್ಕೆ ಹಾರಿದರೆ ಅದು ಜಾರುವಿಕೆ: ಹಳೆಯ ಕ್ಲಚ್ ಬಿಟ್ಟಿದೆ, ಹೊಸದು ಇನ್ನೂ ಹಿಡಿದಿಲ್ಲ. ಎರಡು-ಮೂರರ ನಡುವೆ ಮಾತ್ರ ಪ್ರತಿಸಲ ಹೀಗಾದರೆ ಆ ಕ್ಲಚ್ ಅಥವಾ ಅದರ ಸೋಲನಾಯ್ಡ್ (ಅದಕ್ಕೆ ಆಯಿಲ್ ಬಿಡುವ ವಿದ್ಯುತ್ ವಾಲ್ವ್). ಎಲ್ಲ ಗೇರಿನಲ್ಲೂ ಆದರೆ ಆಯಿಲ್ ಮಟ್ಟ, ಫಿಲ್ಟರ್ ಅಥವಾ ಪಂಪಿನ ಒತ್ತಡ.

ಗಾಡಿ ಕಾದ ಮೇಲೆ 50ರಿಂದ 80 ಕಿ.ಮೀ. ವೇಗದಲ್ಲಿ, ಲಘು ಏರಿನಲ್ಲಿ ಕಾಲನ್ನು ಅಲ್ಲಾಡಿಸದೆ ಹಿಡಿಯಿರಿ. ಸಾಲು ಹಂಪುಗಳ ಮೇಲೆ ಹೋದಂತೆ ಒಂದೆರಡು ಸೆಕೆಂಡು ಗರಗರ ನಡುಗಿದರೆ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ (ಓಡುವಾಗ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಜೋಡಿಸುವುದು) ಮೇಲೆ ಅನುಮಾನ. ಆದರೆ ಎಂಜಿನ್ ಮಿಸ್‌ಫೈರ್ ಆದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಎರಡನ್ನೂ ಬೇರೆ ಮಾಡಲು ಸುಲಭ ಉಪಾಯ: ಹಿಂದೆ ಗಾಡಿಯಿಲ್ಲದಾಗ, ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕನ್ನು ಬ್ರೇಕ್ ಲೈಟ್ ಹೊತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಸಿಗ್ನಲ್ ಸಿಕ್ಕೊಡನೆ ಲಾಕ್‌ಅಪ್ ಬಿಡುತ್ತದೆ. ನಡುಕ ತಟ್ಟನೆ ನಿಂತರೆ ಕನ್ವರ್ಟರ್. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್, ಇಂಜೆಕ್ಟರ್ ಕಡೆ ಹುಡುಕಿ. ಕನ್ವರ್ಟರ್ ನಡುಕ ಶುರುವಿನ ಹಂತದಲ್ಲಿದ್ದರೆ ಸರಿಯಾದ ಆಯಿಲನ್ನು ಎರಡು-ಮೂರು ಸಲ ಬದಲಾಯಿಸಿದಾಗ ಹೋಗುವುದುಂಟು. ಹೋಗದೆಯೂ ಇರಬಹುದು. ಬೆಲೆ ಮಾತಾಡುವಾಗ ಹೋಗುವುದಿಲ್ಲ ಎಂದೇ ಲೆಕ್ಕ ಹಾಕಿ.

ಬೆಂಗಳೂರಿನವರಾದರೆ ಹೊರ ವರ್ತುಲ ರಸ್ತೆಯ ಸಂಜೆ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಾಕು. ವಾಪಸು ಬಂದು ಡಿ-ಆರ್ ಪರೀಕ್ಷೆಯನ್ನು ಮತ್ತೆ ಮಾಡಿ. ಬೆಳಿಗ್ಗೆ ಸರಿಯಿದ್ದು ಈಗ ತಡವಾದರೆ, ಅದು ಬೆಳಗಿನ ತಡಕ್ಕಿಂತ ಕೆಟ್ಟ ಸುದ್ದಿ. ಕಾದ ಆಯಿಲ್ ತೆಳುವಾಗಿ ಸವೆದ ಪಂಪು, ಆಯಿಲಿನ ಒತ್ತಡ ಹಂಚುವ ಸವೆದ ವಾಲ್ವ್ ಬಾಡಿಯ ಸಂದುಗಳಿಂದ ಒತ್ತಡ ಸೋರಿಹೋಗುತ್ತಿದೆ ಎಂದರ್ಥ.

ಕೊನೆಗೆ ಇಳಿಜಾರಿನಲ್ಲಿ ‘ಪಿ’ ಪರೀಕ್ಷೆ: ಹ್ಯಾಂಡ್‌ಬ್ರೇಕ್ ಹಾಕದೆ ಪಿಗೆ ಹಾಕಿ, ಬ್ರೇಕನ್ನು ಮೆಲ್ಲಗೆ ಬಿಡಿ. ಒಂದೆರಡು ಇಂಚು ಸರಿದು ಗಟ್ಟಿಯಾಗಿ ನಿಲ್ಲಬೇಕು. ಕರಕರ ಸದ್ದಾಗಿ ಜಾರಿದರೆ ಪಿಯಲ್ಲಿ ಗಾಡಿಯನ್ನು ಹಿಡಿದಿಡುವ ಕೊಕ್ಕೆ (ಪಾರ್ಕಿಂಗ್ ಪಾಲ್) ಸವೆದಿದೆ. ಕಾಲು ಬ್ರೇಕಿನ ಮೇಲೇ ಇರಲಿ.

ಎಎಂಟಿ

ಹೈಡ್ರಾಲಿಕ್ ಆಕ್ಚುಯೇಟರ್ ಇರುವ ಗಾಡಿಗಳಲ್ಲಿ ಚಾಲಕನ ಬಾಗಿಲು ತೆಗೆದೊಡನೆ ಅಥವಾ ಇಗ್ನಿಷನ್ ಹಾಕಿದೊಡನೆ ‘ಗುಂಯ್’ ಎಂದು ಪಂಪು ಓಡಿ ಕೆಲವು ಸೆಕೆಂಡಿನಲ್ಲಿ ನಿಲ್ಲುತ್ತದೆ. ಅದು ಸಹಜ. ಸುಮ್ಮನೆ ನಿಂತಿರುವಾಗಲೂ ಮತ್ತೆ ಮತ್ತೆ ಓಡುತ್ತಿದ್ದರೆ ಒತ್ತಡ ಹಿಡಿದಿಡುವ ಅಕ್ಯುಮುಲೇಟರಿನ ಗ್ಯಾಸ್ ಹೋಗಿದೆ ಅಥವಾ ಎಲ್ಲೋ ಸೋರಿಕೆ ಇದೆ. ಕ್ವಿಡ್‌ನಂಥ ವಿದ್ಯುತ್ ಮೋಟಾರಿನ ಆಕ್ಚುಯೇಟರಿಗೆ ಈ ಮಾತು ಅನ್ವಯಿಸದು.

ಇದರಲ್ಲಿ ಸವೆಯುವುದು ಕ್ಲಚ್. ಮ್ಯಾನುಯಲ್ ಮೋಡಿಗೆ ಹಾಕಿ, ಮೂರನೇ ಗೇರಿನಲ್ಲಿ 30 ಕಿ.ಮೀ. ವೇಗದಿಂದ ಏರು ರಸ್ತೆಯಲ್ಲಿ ಪೂರ್ತಿ ತುಳಿಯಿರಿ. ಮುಳ್ಳು ಮತ್ತು ವೇಗ ಜೊತೆಯಾಗಿ ಏರಬೇಕು. ಮುಳ್ಳು ಮಾತ್ರ ಮೇಲೇರಿ ಗಾಡಿ ಎಳೆಯದಿದ್ದರೆ ಪ್ಲೇಟ್ ಮುಗಿದಿದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪಿನಲ್ಲಿ ರಿವರ್ಸ್ ಹತ್ತಿಸಿ ನೋಡಿ. ಅರ್ಧ ಹತ್ತುವಷ್ಟರಲ್ಲಿ ಸುಟ್ಟ ವಾಸನೆ ಬಂದರೆ ಹಿಂದಿನ ಮಾಲೀಕರು ಏರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರಿನಿಂದಲೇ ಗಾಡಿ ನಿಲ್ಲಿಸಿಕೊಳ್ಳುತ್ತಿದ್ದರೆಂದು ಊಹಿಸಬಹುದು. ಸಿಗ್ನಲ್ಲಿನಲ್ಲಿ ನಿಂತಾಗ ತಾನಾಗಿ ನ್ಯೂಟ್ರಲ್‌ಗೆ ಬೀಳುವುದು, ಮೀಟರಿನಲ್ಲಿ ‘ಎನ್’ ಮಿಟುಕುವುದು, ಒಂದನೇ ಗೇರ್ ಕಚ್ಚಲು ಎರಡು ಮೂರು ಯತ್ನ: ಇವು ಆಕ್ಚುಯೇಟರ್ ಅಥವಾ ಕ್ಲಚ್ ಕಲಿಕೆಯ ದೋಷ. ಹೊಸ ಕ್ಲಚ್ ಹಾಕಿದ ಮೇಲೆ ಸ್ಕ್ಯಾನರಿನಲ್ಲಿ ಕಚ್ಚುವ ಬಿಂದುವನ್ನು ಕಲಿಸಬೇಕು. ಕಲಿಸದೆ ಬಿಟ್ಟ ಗಾಡಿ ಕೆಟ್ಟ ಗಾಡಿಯಂತೆಯೇ ಓಡುತ್ತದೆ. ಅಂಥದ್ದು ಸಿಕ್ಕರೆ ಅಗ್ಗಕ್ಕೆ ಒಳ್ಳೆಯ ಗಾಡಿ ಸಿಕ್ಕಂತೆ. ನಾಲ್ಕು ಬಗೆಯಲ್ಲಿ ಕಡಿಮೆ ಖರ್ಚಿನಲ್ಲಿ ಸರಿಹೋಗುವುದು ಇದೇ.

ಒಣ ಕ್ಲಚ್ಚಿನ ಡಿಸಿಟಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಪೋಲೊ ಜಿಟಿ ಟಿಎಸ್‌ಐ, ವೆಂಟೊ ಟಿಎಸ್‌ಐ, ಆಕ್ಟೇವಿಯಾ 1.8, ಈಚಿನ ಟೈಗುನ್ 1.5, ಎಲ್ಲದರಲ್ಲೂ ಇರುವುದು ಏಳು ಗೇರಿನ ಡಿಕ್ಯೂ200. ಕ್ಲಚ್‌ಗಳು ಆಯಿಲಿನಲ್ಲಿ ಮುಳುಗಿಲ್ಲ, ಗಾಳಿಯಲ್ಲೇ ತಣಿಯಬೇಕು. ಹೈವೇಯಲ್ಲಿ ಇದರಷ್ಟು ಚುರುಕು ಬೇರೆಯಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಗಂಟೆಗೆ ಐದು ಕಿ.ಮೀ.ಯಂತೆ ತೆವಳುವಾಗ ಒಂದನೇ ಗೇರಿನ ಕ್ಲಚ್ ಪೂರ್ತಿ ಕಚ್ಚುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ, ಉಜ್ಜಿಕೊಂಡೇ ಕಾಯುತ್ತದೆ. ಆದ್ದರಿಂದ ಎಷ್ಟು ಕಿ.ಮೀ. ಓಡಿದೆ ಎನ್ನುವುದಕ್ಕಿಂತ ಎಲ್ಲಿ ಓಡಿದೆ ಎಂದು ಕೇಳಿ. ಹುಬ್ಬಳ್ಳಿ-ಬೆಂಗಳೂರು ಹೈವೇಯಲ್ಲಿ 90 ಸಾವಿರ ಓಡಿದ್ದು ನಗರದಲ್ಲೇ 35 ಸಾವಿರ ಓಡಿದ್ದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿರಬಹುದು.

ಕಾದ ಮೇಲೆ 5ರಿಂದ 15 ಕಿ.ಮೀ. ವೇಗದಲ್ಲಿ, ಬ್ರೇಕ್ ಬಿಟ್ಟು ತಾನಾಗಿ ತೆವಳಲು ಬಿಡಿ. ಹೊರಡುವಾಗ, ಎರಡನೇ ಗೇರಿಗೆ ಹೋಗುವಾಗ ಮೈ ನಡುಗಿದರೆ ಕ್ಲಚ್ ಮೇಲ್ಮೈ ಗಾಜಿನಂತಾಗಿದೆ ಅಥವಾ ಆಯಿಲ್ ತಾಗಿದೆ. ಯಾವ ಕ್ಲಚ್ ಎಂದೂ ಹೇಳಬಹುದು. ಡಿಕ್ಯೂ200ರಲ್ಲಿ ಮೊದಲ ಕ್ಲಚ್ 1, 3, 5, 7ನೇ ಗೇರುಗಳದ್ದು; ಎರಡನೆಯದು 2, 4, 6 ಮತ್ತು ರಿವರ್ಸಿನದ್ದು. ಎರಡನೇ ಗೇರಿನಲ್ಲೂ ರಿವರ್ಸಿನಲ್ಲೂ ನಡುಗಿದರೆ ಎರಡನೇ ಕ್ಲಚ್. ಜಾರುವಿಕೆ ನೋಡಲು ಮ್ಯಾನುಯಲ್ ಮೋಡಿನಲ್ಲಿ 40 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರು, 60ರಲ್ಲಿ ಐದನೇ ಗೇರು ಹಾಕಿ, ಕಿಕ್‌ಡೌನ್ ಆಗದಂತೆ (ಗೇರು ತಾನಾಗಿ ಕೆಳಗಿಳಿಯದಂತೆ) ಮುಕ್ಕಾಲು ಪೆಡಲ್ ತುಳಿಯಿರಿ. ಸರಿ ಸಂಖ್ಯೆಯ ಗೇರಿನಲ್ಲಿ ಒಂದು, ಬೆಸ ಸಂಖ್ಯೆಯದರಲ್ಲಿ ಇನ್ನೊಂದು ಕ್ಲಚ್ ಪರೀಕ್ಷೆ ಆದಂತಾಯಿತು.

ಇನ್ನೊಂದು ದೊಡ್ಡ ದೋಷ ಮೆಕಾಟ್ರಾನಿಕ್‌ನದ್ದು: ವಾಲ್ವ್‌ಗಳು, ಪಂಪು, ಕಂಪ್ಯೂಟರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ತನ್ನದೇ ಒಂದು ಲೀಟರ್ ಆಯಿಲಿನೊಂದಿಗೆ. ಪಂಪು ಸುಮಾರು 60 ಬಾರ್ ತನಕ ಒತ್ತಡ ಏರಿಸಿ ನಿಲ್ಲುತ್ತದೆ, 40ಕ್ಕೆ ಇಳಿದಾಗ ಮತ್ತೆ ಓಡುತ್ತದೆ. ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ತಿರುಗಿಸಿ ಕೂರಿಸುವ ಥ್ರೆಡ್ ಬಳಿ ಅಲ್ಯೂಮಿನಿಯಂ ಬಿರುಕು ಬಿಡುವುದು ಈ ಪೆಟ್ಟಿಗೆಯ ಹೆಸರಾಂತ ಕಾಯಿಲೆ. ಬಿರುಕಿನಿಂದ ಆಯಿಲ್ ಸೋರಿದಂತೆಲ್ಲ ಪಂಪು ಬಿಡುವಿಲ್ಲದೆ ಓಡಿ, ಕಂಪ್ಯೂಟರ್ ಅದನ್ನು ಉಳಿಸಲು ಪೂರ್ತಿ ನಿಲ್ಲಿಸಿಬಿಡುತ್ತದೆ. ಆಗ ಸ್ಕ್ಯಾನರಿನಲ್ಲಿ ಕಾಣುವ ದೋಷದ ಕೋಡ್ ಪಿ17ಬಿಎಫ್. ಮೀಟರಿನಲ್ಲಿ ಗೇರ್ ಅಕ್ಷರಗಳು ಮಿಟುಕುತ್ತವೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಸದ್ದಿಲ್ಲದ ಜಾಗದಲ್ಲಿ ಇಗ್ನಿಷನ್ ಮಾತ್ರ ಹಾಕಿ ಕಿವಿಗೊಡಿ: ಪಂಪು ಓಡಿ ನಿಂತ ಮೇಲೆ ಕೆಲವೇ ಸೆಕೆಂಡಿಗೊಮ್ಮೆ ಮತ್ತೆ ಓಡಿದರೆ ಆ ದಿನ ದೂರವಿಲ್ಲ. ಪೆಟ್ಟಿಗೆಯನ್ನೇ ಬದಲಾಯಿಸಿದರೆ ಖರ್ಚು ಲಕ್ಷ ದಾಟುತ್ತದೆ. ಬಿರುಕಿಗೆ ಮಾತ್ರ ರಿಪೇರಿ ಕಿಟ್ ಇದೆ, ತಿಳಿದ ಸ್ವತಂತ್ರ ಗ್ಯಾರೇಜಿನಲ್ಲಿ ತುಂಬ ಕಡಿಮೆಗೆ ಆಗುತ್ತದೆ.

ಈ ಗೇರ್‌ಬಾಕ್ಸಿಗಾಗಿ ಫೋಕ್ಸ್‌ವ್ಯಾಗನ್ 2013ರ ನವೆಂಬರಿನಲ್ಲಿ ಜಗತ್ತಿನಾದ್ಯಂತ 16 ಲಕ್ಷ ಗಾಡಿಗಳನ್ನು ವಾಪಸು ಕರೆದು ಸಿಂಥೆಟಿಕ್ ಆಯಿಲ್ ಬದಲು ಮಿನರಲ್ ಆಯಿಲ್ ಹಾಕಿತು. ಬಿಸಿ, ತೇವದ ಹವೆಯಲ್ಲಿ ಹಳೆಯ ಆಯಿಲ್ ವಿದ್ಯುತ್ ಭಾಗಗಳಲ್ಲಿ ಶಾರ್ಟ್ ಉಂಟುಮಾಡಬಹುದೆಂಬುದು ಕಾರಣ. ಆ ಕಾಲದ ಗಾಡಿಯಾದರೆ ಛಾಸಿ ನಂಬರ್ ಕೊಟ್ಟು ರೀಕಾಲ್ ಬಾಕಿ ಇದೆಯೇ ಎಂದು ಶೋರೂಂನಲ್ಲಿ ಕೇಳಿ.

ಫೋರ್ಡ್‌ನ ಪವರ್‌ಶಿಫ್ಟ್ ಕೂಡ ಒಣ ಕ್ಲಚ್ಚಿನದೇ: 2017ಕ್ಕೆ ಮುಂಚಿನ ಇಕೋಸ್ಪೋರ್ಟ್, ಫಿಗೊ ಮತ್ತು ಆಸ್ಪೈರ್ 1.5 ಪೆಟ್ರೋಲ್. ಇನ್‌ಪುಟ್ ಶಾಫ್ಟ್ ಸೀಲ್ ಸೋರಿ ಕ್ಲಚ್ ನಡುಗುವುದು, ಟಿಸಿಎಂ ಎಂಬ ಕಂಪ್ಯೂಟರ್ ಕೈಕೊಡುವುದು ಇದರ ಎರಡು ಕಾಯಿಲೆ. ಟಿಸಿಎಂ ಹೋದಾಗ ಗಾಡಿ ಕೆಲವು ಸಲ ಸ್ಟಾರ್ಟೇ ಆಗುವುದಿಲ್ಲ, ಹತ್ತು ನಿಮಿಷ ಬಿಟ್ಟರೆ ಆಗುತ್ತದೆ; ಮಾರುವವರು ಬ್ಯಾಟರಿ ವೀಕು ಎನ್ನುತ್ತಾರೆ. ಪಿ0606, ಯು0101 ಕೋಡ್‌ಗಳನ್ನು ಹುಡುಕಿ. ಆಸ್ಟ್ರೇಲಿಯಾದಲ್ಲಿ ಈ ಗೇರ್‌ಬಾಕ್ಸಿನ ದೂರುಗಳನ್ನು ನಡೆಸಿಕೊಂಡ ರೀತಿಗೆ ಫೋರ್ಡ್‌ಗೆ 2018ರಲ್ಲಿ ಕೋರ್ಟು 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗಾಡಿ ಚಂದ, ಬೆಲೆಯೂ ಅಗ್ಗ. ಅಗ್ಗ ಯಾಕೆ ಎಂದು ಗೊತ್ತಿದ್ದು ಕೊಳ್ಳಿ.

ಸಿವಿಟಿ

ಎಂಜಿನ್ ಮೊದಲು ಕೂಗಿ ವೇಗ ಆಮೇಲೆ ಬರುವುದು ಇದರ ಸ್ವಭಾವ, ಸ್ಲಿಪ್ ಅಲ್ಲ. ಸಮತಟ್ಟು ರಸ್ತೆಯಲ್ಲಿ 60ರಲ್ಲಿ ಕಾಲು ಅಲ್ಲಾಡಿಸದೆ ಹಿಡಿದಾಗ ವೇಗ ಸ್ಥಿರವಿದ್ದು ಮುಳ್ಳು ಮಾತ್ರ ಮೇಲೆ ಕೆಳಗೆ ತುಯ್ದಾಡಿದರೆ ಬೆಲ್ಟಿನ ಹಿಡಿತ ಸಡಿಲ. 20-40ರ ನಡುವೆ ನಡುಕ, ವೇಗದೊಡನೆ ಏರುವ ಸಣ್ಣ ಶಿಳ್ಳೆಯಂಥ ಸದ್ದು ಇವನ್ನೂ ಗಮನಿಸಿ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಬದಲಾದರೆ ಟಯರು; ಬದಲಾಗದಿದ್ದರೆ ಬೇರಿಂಗು. ಘಾಟಿ ಹತ್ತುವಾಗ ಪಿಕಪ್ ತಾನಾಗಿ ಕುಗ್ಗಿದರೆ ಆಯಿಲ್ ಅತಿಯಾಗಿ ಕಾಯುತ್ತಿದೆ. ಸವೆದ ಬೆಲ್ಟು ಪುಲ್ಲಿಯನ್ನೂ ಗೀರುವುದರಿಂದ ಸಾಮಾನ್ಯವಾಗಿ ಇಡೀ ಜೋಡಣೆಯನ್ನೇ ಬದಲಿಸುತ್ತಾರೆ. ಬೆಲ್ಟ್ ಅನುಮಾನವಿರುವ ಸಿವಿಟಿಯ ಬೆಲೆ ಎಷ್ಟೇ ಇಳಿದರೂ ಕೊಳ್ಳಬೇಡಿ.

ಸ್ಕ್ಯಾನರ್

2013ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಸ್ಟೀರಿಂಗ್ ಕೆಳಗೆ ಒಬಿಡಿ ಸಾಕೆಟ್ (ದೋಷದ ಕೋಡ್ ಓದಲು ಸ್ಕ್ಯಾನರ್ ಚುಚ್ಚುವ ಜಾಗ) ಸಿಗುತ್ತದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇಎಲ್‌ಎಂ327 ಹೆಚ್ಚಾಗಿ ಎಂಜಿನ್ ಕೋಡ್‌ಗಳನ್ನಷ್ಟೇ ಓದುತ್ತದೆ. ಆದರೂ ಪಿ0700 ಕಂಡರೆ ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ಬರೆದಿದೆ ಎಂದರ್ಥ. ಅದನ್ನು ಓದಲು ಫೋಕ್ಸ್‌ವ್ಯಾಗನ್ ಗುಂಪಿಗೆ ವಿಸಿಡಿಎಸ್ ಅಥವಾ ಒಬಿಡಿಇಲೆವೆನ್, ಫೋರ್ಡ್‌ಗೆ ಫೋರ್‌ಸ್ಕ್ಯಾನ್, ಉಳಿದವಕ್ಕೆ ಗ್ಯಾರೇಜಿನ ಸ್ಕ್ಯಾನರ್ ಬೇಕು. ಪಿ0741 ಲಾಕ್‌ಅಪ್ ಕ್ಲಚ್ಚಿನದು. ಪಿ0730ರಿಂದ ಪಿ0736 ಗೇರ್ ಅನುಪಾತ ತಪ್ಪಿದ್ದು, ಅಂದರೆ ಸ್ಲಿಪ್. ಪಿ0218 ಅತಿ ಬಿಸಿ. ಪಿ0715, ಪಿ0720 ಬಂದರೆ ಗಾಬರಿ ಬೇಡ, ಹಲವು ಸಲ ಬರಿಯ ವೇಗದ ಸೆನ್ಸರ್.

ಕೋಡ್ ಒಂದೂ ಇಲ್ಲ ಎಂದು ಖುಷಿಪಡುವ ಮುಂಚೆ ‘ಕೋಡ್ ಅಳಿಸಿದ ಮೇಲೆ ಓಡಿದ ದೂರ’ ಎಂಬ ಅಂಕಿ ನೋಡಿ. ಅಗ್ಗದ ಸ್ಕ್ಯಾನರೂ ಇದನ್ನು ತೋರಿಸುತ್ತದೆ. ಅದು 12 ಕಿ.ಮೀ. ಎಂದಿದ್ದರೆ ನಿಮಗಾಗಿಯೇ ನಿನ್ನೆ ಅಳಿಸಿದ್ದಾರೆ. ರೆಡಿನೆಸ್ ಮಾನಿಟರುಗಳು (ಗಾಡಿ ತಾನೇ ಮಾಡಿಕೊಳ್ಳುವ ತಪಾಸಣೆಗಳು) ಅಪೂರ್ಣ ಎಂದು ತೋರಿಸಿದರೂ ಅದೇ ಅನುಮಾನ. ಅಳಿಸುವಾಗ ಕ್ಲಚ್ ಕಲಿಕೆಯನ್ನೂ ರೀಸೆಟ್ ಮಾಡಿದ್ದರೆ ಸವೆದ ಡಿಸಿಟಿ ಒಂದೆರಡು ದಿನ ನುಣ್ಣಗೆ ಓಡುತ್ತದೆ. ಅಂಥ ಗಾಡಿಯನ್ನು ನೂರು ಕಿ.ಮೀ. ಓಡಿಸಲು ಬಿಟ್ಟರೆ ನೋಡಿ, ಇಲ್ಲದಿದ್ದರೆ ಬಿಡಿ. ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳಲ್ಲಿ ದೋಷ ಬಿದ್ದಾಗಿನ ಕಿ.ಮೀ. ಕೂಡ ಕೋಡಿನ ಜೊತೆ ದಾಖಲಾಗಿರುತ್ತದೆ. ಓಡೋಮೀಟರ್ 48 ಸಾವಿರ ತೋರಿಸುವಾಗ ದೋಷ 71 ಸಾವಿರದಲ್ಲಿ ಬಿದ್ದಿದ್ದರೆ ಮಾತು ಮುಗಿಯಿತು.

ನೀರಿಗೆ ಬಿದ್ದ ಗಾಡಿ

2015ರ ಚೆನ್ನೈ, 2022ರ ಬೆಂಗಳೂರು ನೆರೆಗಳಲ್ಲಿ ಮುಳುಗಿ ಎದ್ದ ಎಷ್ಟೋ ಗಾಡಿಗಳು ಬೇರೆ ಊರಿನ ಮಾರುಕಟ್ಟೆ ಸೇರಿವೆ. ಗೇರ್‌ಬಾಕ್ಸಿನ ಉಸಿರುಗೊಳವೆಯಿಂದ ನೀರು ಒಳಹೋಗುತ್ತದೆ, ಕನೆಕ್ಟರುಗಳಲ್ಲಿ ಹಸಿರು ಕಿಲುಬು ನಿಧಾನವಾಗಿ ಹಬ್ಬುತ್ತದೆ. ದೋಷ ಆರು ತಿಂಗಳು ಬಿಟ್ಟು ಬರಬಹುದು. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದೆಯೇ, ಸೀಟಿನ ಕೆಳಗಿನ ಬೋಲ್ಟು ತುಕ್ಕು ಹಿಡಿದಿದೆಯೇ, ಸ್ಟೆಪ್ನಿ ಗುಂಡಿಯಲ್ಲಿ ಮಣ್ಣಿದೆಯೇ ನೋಡಿ. ಇನ್ಶೂರೆನ್ಸ್ ಕ್ಲೇಮಿನ ವಿವರ ಕೇಳಿ. ಹೌದೆಂದು ಗೊತ್ತಾದರೆ ಆಟೋಮ್ಯಾಟಿಕ್ ಮಟ್ಟಿಗೆ ಯಾವ ರಿಯಾಯಿತಿಯೂ ಸಾಲದು.

ಬೆಲೆ ಮಾತು

ಮೌಂಟ್, ಬ್ಯಾಟರಿ, ವೇಗದ ಸೆನ್ಸರ್, ಆಕ್ಸಲ್ ಸೀಲ್, ಹಳೆಯ ಆಯಿಲ್, ಎಎಂಟಿ ಕ್ಲಚ್: ಇವಕ್ಕೆ ಗ್ಯಾರೇಜಿನಿಂದ ಬರಹದಲ್ಲಿ ಎಸ್ಟಿಮೇಟ್ ತೆಗೆದುಕೊಂಡು ಅಷ್ಟನ್ನೂ ಬೆಲೆಯಲ್ಲಿ ಕಳೆಯಿರಿ. ಕನ್ವರ್ಟರ್ ನಡುಕ, ಡಿಸಿಟಿ ಕ್ಲಚ್, ಮೆಕಾಟ್ರಾನಿಕ್ ಅನುಮಾನವಿದ್ದರೆ ದೊಡ್ಡ ಎಸ್ಟಿಮೇಟನ್ನೇ ಕಳೆಯಬೇಕು. ಮಾರುವವರು ಒಪ್ಪದಿದ್ದರೆ ಬೇರೆ ಗಾಡಿ ನೋಡಿ. ಬಿಸಿಯಲ್ಲಿ ತಡವಾಗುವ ಗೇರು, ಕಪ್ಪು ಆಯಿಲ್, ಲೋಹದ ಕಣ, ಕೂಲಂಟ್ ಬೆರೆತದ್ದು ಕಂಡರೆ ಚೌಕಾಸಿಗೆ ಇಳಿಯಲೇಬೇಡಿ. ‘ಟೋಕನ್ ಕೊಡಿ, ಡೆಲಿವರಿ ಒಳಗೆ ಸರಿ ಮಾಡಿಸಿಕೊಡ್ತೀವಿ’ ಎಂದರೆ ಮೊದಲು ಮಾಡಿಸಲಿ, ಬಿಲ್ ತೋರಿಸಲಿ, ತಣ್ಣನೆಯ ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ಮಾಡಿ, ಟೋಕನ್ ಆಮೇಲೆ.